ಹನ್ನೊಂದು ಸೆಕೆಂಡು

೧೨ ಜನವರಿ

ಪ್ರಿಯ ಓಸ್ಮೊ,

ನವೆಂಬರಿನಿಂದ ನಿನಗೆ ಬರೆಯುತ್ತಿರುವ ಮೂರನೆಯ ಪತ್ರವಿದು. ಮೊದಲಿನ ಎರಡು ತಲುಪಿವೆ ಎಂದು ಭಾವಿಸಿದ್ದೇನೆ. ಮುಸ್ತಕರಿ ದ್ವೀಪಕ್ಕೆ ವಾರದಲ್ಲಿ ಮೂರು ದಿನ ಅಂಚೆ ಹೋಗುತ್ತದೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಫೋನನ್ನು ನೀನು ಎತ್ತುವುದಿಲ್ಲ. ಆದ್ದರಿಂದ ಹೇಳಬೇಕಾದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನಾನು ವಿಶ್ವವಿದ್ಯಾಲಯವನ್ನು ಬಿಡುತ್ತಿದ್ದೇನೆ. ಏಪ್ರಿಲ್ ಒಂದರಿಂದ ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಒಂದು ಸಾಗರ ಸಂಶೋಧನಾ ಸಂಸ್ಥೆಯ ನಿರ್ದೇಶಕನಾಗಿ ಸೇರುತ್ತೇನೆ. ತಾಂತ್ರಿಕ ವಿಭಾಗದ ಡೀನ್ ಆಗಿ ನನ್ನ ಕೊನೆಯ ದಿನ ಮಾರ್ಚ್ ಮೂವತ್ತೊಂದು. ಬೀಳ್ಕೊಡುಗೆಯ ಕಾಫಿ ಇಪ್ಪತ್ತೇಳರ ಶುಕ್ರವಾರ, ಮಧ್ಯಾಹ್ನ ಎರಡು ಗಂಟೆಗೆ, ಕೆಳಗಿನ ಸಭಾಂಗಣದಲ್ಲಿ.

ಅಭಿನಂದನೆಯನ್ನು ನಿರೀಕ್ಷಿಸಿ ಬರೆಯುತ್ತಿಲ್ಲ. ಬರೆಯಲು ಕಾರಣ ಪಿಹ್ಲಾ ರೌತಿಯೊ, ನಿನ್ನ ಕೊನೆಯ ಡಾಕ್ಟರೇಟ್ ವಿದ್ಯಾರ್ಥಿನಿ. ಆಕೆಯ ಪ್ರಬಂಧಕ್ಕೆ ಒಂಬತ್ತು ಪ್ರಯೋಗಗಳು ಬಾಕಿ ಉಳಿದಿವೆ. ಮಂಜುಗಡ್ಡೆಯ ಪರೀಕ್ಷಾ ಕೊಳವನ್ನು ಡಿಸೆಂಬರಿನಲ್ಲಿ ಬರಿದು ಮಾಡಲಾಯಿತು. ಈಗ ಅದರ ತಳದಲ್ಲಿ ಮಡಚುವ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಆ ಒಂಬತ್ತನ್ನು ಕಡಲ ಮಂಜುಗಡ್ಡೆಯ ಮೇಲೆಯೇ, ನಿನ್ನ ಮನೆಯೆದುರಿನ ಕೊಲ್ಲಿಯಲ್ಲಿ, ಏಪ್ರಿಲ್ ಮೊದಲ ವಾರದೊಳಗೆ ಮಾಡಿ ಮುಗಿಸಬಹುದು. ಆದರೆ ಅಧಿಕೃತ ಮಾರ್ಗದರ್ಶಕನಿಲ್ಲದೆ ತೆಗೆದ ಅಳತೆಯನ್ನು ಯಾರೂ ಪರಿಗಣಿಸುವುದಿಲ್ಲ, ಮತ್ತು ಈ ವಿಷಯ ಬಲ್ಲವನು ನೀನೊಬ್ಬನೇ.

ಹುದ್ದೆ ಕಳೆದುಕೊಂಡವನನ್ನೂ ವೇತನರಹಿತ ಮಾರ್ಗದರ್ಶಕನಾಗಿ ನೇಮಿಸುವ ಅಧಿಕಾರ ಡೀನ್‌ಗೆ ಇದೆ. ಮಾರ್ಚ್ ಮೂವತ್ತೊಂದರ ಸಂಜೆ ನಾಲ್ಕೂಕಾಲರವರೆಗೆ ಆ ಡೀನ್ ನಾನು. ನನ್ನ ನಂತರ ಬರುವವರು ಇಂಥ ನೇಮಕಗಳನ್ನು ಮಾಡುವುದಿಲ್ಲವೆಂದು ಈಗಾಗಲೇ ತಿಳಿಸಿದ್ದಾರೆ. ಫಾರಂ ಒಂದೇ ಹಾಳೆಯದು, ಲಗತ್ತಿಸಿದ್ದೇನೆ. ನನ್ನ ಸಹಿ ಆಗಿದೆ. ನಿನ್ನದು ಬೇಕು.

ನವೆಂಬರ್ ಹದಿನಾಲ್ಕರ ಸಭೆಯ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇನೆ. ಬರೆಯಲೆಂದು ಮೂರು ಸಲ ಕುಳಿತಿದ್ದೆ.

ನಿನ್ನ,
ಯಾರ್ಮೊ


೩ ಫೆಬ್ರವರಿ, ಮುಸ್ತಕರಿ

ಯಾರ್ಮೊ,

ನಾನು ಐಲಿ, ಓಸ್ಮೊನ ಅಕ್ಕ. ಇಲ್ಲಿ ಅಂಗಡಿ ನಡೆಸೋಳು. ಅಂಚೆ ಬರೋದೂ ನನ್ನ ಅಂಗಡಿಗೇನೆ, ಅದಕ್ಕೆ ನಿನ್ನ ಕೈಬರಹ ನಂಗೆ ಪರಿಚಯ ಆಗಿಬಿಟ್ಟಿದೆ. ನಂಗೆ ನಿನ್ನ ಹಾಗೆ ಬರೆಯೋಕೆ ಬರಲ್ಲ. ಮಾತಾಡೋ ಹಾಗೇ ಬರೀತೀನಿ.

ಅವನು ನಿನ್ನ ಕಾಗದಗಳನ್ನ ಒಡೆದಿಲ್ಲ. ಸುಟ್ಟೂ ಇಲ್ಲ. ಒಲೆ ಪಕ್ಕ ಬರ್ಚ್ ಸೌದೆ ಪೆಟ್ಟಿಗೆ ಮೇಲೆ ಮೂರನ್ನೂ ಒಂದರ ಮೇಲೊಂದು ಜೋಡಿಸಿ ಇಟ್ಟಿದಾನೆ. "ಬೆಂಕಿ ಹಚ್ಚೋಕಾ?" ಅಂತ ಕೇಳಿದೆ. ಐದು ನಿಮಿಷ ಬಿಟ್ಟು "ಕಾಗದ ದಪ್ಪ ಇದೆ, ಹೊಗೆ ಬರುತ್ತೆ" ಅಂದ. ನಮ್ಮನೇಲಿ ಇದನ್ನೇ ಮಾತುಕತೆ ಅಂತೀವಿ.

ನಾನು ಬರೀತಿರೋದು ಅದಕ್ಕಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಬೈರಿಗೆ ಹೆಗಲಿಗೆ ಹಾಕ್ಕೊಂಡು ಕಡಲ ಮೇಲೆ ಹೋಗ್ತಾನೆ. ಮಂಜುಗಡ್ಡೆ ಕೊರೆದು ಅಳೀತಾನೆ. ಯಾರೂ ಕೇಳಿಲ್ಲ ಅವನನ್ನ. ಈ ಸಲ ಚಳಿ ಸಾಲದು ಅಂತ, ಹೆಪ್ಪುಗಟ್ಟಿದ ಕಡಲ ಮೇಲೆ ಕಾರು ಓಡೋ ಮಂಜಿನ ದಾರೀನೇ ತೆರೆದಿಲ್ಲ, ಎಲ್ಲರೂ ಫೆರಿಯಲ್ಲೇ ಓಡಾಡ್ತಿದೀವಿ. "ಯಾರಿಗೋಸ್ಕರ ಅಳೀತೀಯೋ?" ಅಂದ್ರೆ ಬೈರಿಗೆ ಒರೆಸ್ತಾ ಕೂರ್ತಾನೆ.

ಮಂಜಿನ ಮೇಲೆ ಹೋಗೋರು ಕೊರಳಿಗೆ ಹಾಕ್ಕೊಳೋ ಮೊಳೆಜೋಡಿ ಇದ್ಯಲ್ಲ, ನೀರಿಗೆ ಬಿದ್ರೆ ಗಡ್ಡೆಗೆ ಚುಚ್ಚಿ ಹಿಡ್ಕೊಂಡು ಮೇಲೆ ಬರೋಕೆ. ನಮ್ಮೂರಲ್ಲಿ ಆರು ವರ್ಷದ ಕೂಸೂ ಅದಿಲ್ದೆ ದಡ ಇಳಿಯಲ್ಲ. ಅವನದು ಜಗುಲಿ ಗೂಟದಲ್ಲೇ ನೇತಾಡ್ತಿದೆ. ಹದಿನೈದು ದಿನದಿಂದ ನೋಡ್ತಿದೀನಿ. ಮರ್ತು ಬಿಟ್ಟು ಹೋಗೋನಲ್ಲ ಅವನು. ಅವನೇ ಊರಿಗೆಲ್ಲ ಮಾಡಿಕೊಟ್ಟೋನು.

ನಿಂಗೆ ಅವನು ಇಪ್ಪತ್ತಾರು ವರ್ಷದಿಂದ ಗೊತ್ತು. ಸಭೇಲಿ ಏನಾಯ್ತು ಹೇಳು.

ಐಲಿ

ಇನ್ನೊಂದು: ಉತ್ತರ ಬರೆದ್ರೆ ಲಕೋಟೆ ಮೇಲೆ ನನ್ನನ್ನ 'ಶ್ರೀಮತಿಯವರಿಗೆ' ಅಂತ ಬರೀಬೇಡ. ನಾನೇನು ಬಿಷಪ್ಪಾ?


೯ ಫೆಬ್ರವರಿ

ಪ್ರಿಯ ಐಲಿ,

ನಿಮ್ಮ ಪತ್ರವನ್ನು ನಾಲ್ಕು ಬಾರಿ ಓದಿದೆ. 'ನೀವು' ಎಂಬುದನ್ನು ಬಿಡಲು ನನ್ನಿಂದಾಗದು, ಕ್ಷಮಿಸಿ.

ನೀವು ಕೇಳಿದ್ದಕ್ಕೆ ಉತ್ತರಿಸುತ್ತೇನೆ. ನವೆಂಬರ್ ಹದಿನಾಲ್ಕರಂದು ನಮ್ಮ ವಿಭಾಗದ ಪರಿಷತ್ತಿನ ಮುಂದೆ ಪರೀಕ್ಷಾ ಕೊಳವನ್ನು ಮುಚ್ಚಿ, ಅದರೊಡನೆ ಓಸ್ಮೊನ ಹುದ್ದೆಯನ್ನೂ ರದ್ದುಪಡಿಸುವ ಪ್ರಸ್ತಾವ ಬಂದಿತು. ಪ್ರಸ್ತಾವವನ್ನು ತಯಾರಿಸಿದವನು ನಾನು. ಅದರ ಬಗ್ಗೆ ಅವನಿಗೆ ಮೊದಲೇ ತಿಳಿಸಿದ್ದೆ. ಅವನು ತಲೆಯಾಡಿಸಿದ್ದ, ಅಷ್ಟೆ.

ನಮ್ಮ ಸಭೆಗಳ ಕ್ರಮ ನಿಮಗೆ ಗೊತ್ತಿರಬಹುದು. ಅಧ್ಯಕ್ಷನು ಪ್ರಸ್ತಾವವನ್ನು ಓದುತ್ತಾನೆ, "ಯಾರಾದರೂ ಮಾತಾಡುವುದಿದೆಯೆ?" ಎಂದು ಕೇಳಿ ಸುಮ್ಮನಾಗುತ್ತಾನೆ. ಯಾರೂ ಬಾಯಿ ತೆರೆಯದಿದ್ದರೆ ಅದು ಒಪ್ಪಿಗೆ. ಮರದ ಸುತ್ತಿಗೆ ಬೀಳುತ್ತದೆ. ಬಿದ್ದ ಮೇಲೆ ಆ ವಿಷಯವನ್ನು ಮತ್ತೆ ಎತ್ತುವಂತಿಲ್ಲ.

ನಿಮ್ಮ ತಮ್ಮ ಮಾತಾಡುವ ಮುನ್ನ ಕನ್ನಡಕ ತೆಗೆಯುತ್ತಾನೆ. ಅಂಗಿಯ ಅಂಚಿನಿಂದ ಒರೆಸುತ್ತಾನೆ. ಮತ್ತೆ ಹಾಕಿಕೊಳ್ಳುವುದಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಮಾತು ಆರಂಭಿಸುತ್ತಾನೆ. ಕನ್ನಡಕ ತೆಗೆದ ಕ್ಷಣದಿಂದ ಮೊದಲ ಪದದವರೆಗೆ ಸರಾಸರಿ ಹನ್ನೊಂದು ಸೆಕೆಂಡು. ವಿದ್ಯಾರ್ಥಿಗಳು ತಮಾಷೆಗೆ ಅಳೆದಿದ್ದರು. ತರುಣನಾಗಿದ್ದಾಗ ನಾನೂ ಅಳೆದಿದ್ದೆ.

ಆ ದಿನ ಅಧ್ಯಕ್ಷನಾಗಿ ನಾನು ಆ ಪ್ರಶ್ನೆ ಕೇಳಿದೆ. ಮೇಜಿನ ತುದಿಯಲ್ಲಿ ಅವನು ಕನ್ನಡಕ ತೆಗೆದ. ನಾನು ನೋಡಿದೆ. ಆರು ಸೆಕೆಂಡು ಕಾದೆ. ಸುತ್ತಿಗೆ ಬಡಿದೆ.

ಆರು ಸೆಕೆಂಡು ನಿಯಮದ ಪ್ರಕಾರ ಧಾರಾಳವಾದ ಕಾಲಾವಕಾಶ. ಉಳಿದವರಿಗೆಲ್ಲ ನಾನು ಮೂರು ಸೆಕೆಂಡು ಕೊಡುತ್ತೇನೆ. ನನ್ನ ಪರವಾಗಿ ಹೇಳಬಹುದಾದದ್ದು ಇಷ್ಟೇ, ಮತ್ತು ಇದು ಏನೂ ಅಲ್ಲ. ಅವನು ಏನು ಹೇಳಲಿದ್ದನೆಂಬ ಭಯ ನನಗಿತ್ತು. ಹನ್ನೆರಡು ಜನರ ಮುಂದೆ ಅವನು ನನ್ನನ್ನು ಹೆಸರು ಹಿಡಿದು ಕರೆದಿದ್ದರೆ ಸುತ್ತಿಗೆ ಎತ್ತಲು ನನ್ನ ಕೈಗೆ ಆಗುತ್ತಿರಲಿಲ್ಲ.

ದಯವಿಟ್ಟು ಈ ಪತ್ರವನ್ನು ಅವನಿಗೆ ಓದಿ ಹೇಳಿ. ಮತ್ತು ಆ ಮೊಳೆಜೋಡಿಯನ್ನು, ಅವನು ಬೈದರೂ, ನೀವೇ ಅವನ ಕೊರಳಿಗೆ ಹಾಕಿ.

ಗೌರವದೊಂದಿಗೆ,
ಯಾರ್ಮೊ ಲೌಹಿವಾರ


೨೪ ಫೆಬ್ರವರಿ, ಮುಸ್ತಕರಿ

ಯಾರ್ಮೊ,

ಓದಿ ಹೇಳಿದೆ. ಭಾನುವಾರ ಮೀನಿನ ಸೂಪ್ ಮಾಡ್ಕೊಂಡು ಅವನ ಮನೆಗೆ ಹೋದೆ. ಬಟ್ಟಲು ಮುಂದಿಟ್ಟು, "ತಿನ್ನು, ಕಿವಿ ಖಾಲಿ ಇರಲಿ" ಅಂತ ಶುರು ಮಾಡಿದೆ. ಆರು ಸೆಕೆಂಡು ಅನ್ನೋ ಕಡೆ ಬಂದಾಗ ಅವನು ಚಮಚ ಕೆಳಗಿಟ್ಟ. ಕನ್ನಡಕ ತೆಗೆದ. ಅಂಗಿ ಅಂಚಲ್ಲಿ ಒರೆಸಿದ. ನಾನು ಎಣಿಸ್ತಾ ಕೂತೆ. ಹನ್ನೊಂದಲ್ಲ, ಒಂದು ನಿಮಿಷ ಆಗಿರ್ಬೇಕು. ಆಮೇಲೆ ಕನ್ನಡಕ ಮತ್ತೆ ಹಾಕ್ಕೊಂಡುಬಿಟ್ಟ. "ಸೂಪ್ ಆರಿಹೋಯ್ತು" ಅಂದ.

ನಿನ್ನ ಮೇಲೆ ಎಷ್ಟು ಸಿಟ್ಟು ಬಂತೂಂದ್ರೆ, ನೀನು ಎದುರಿಗಿದ್ದಿದ್ರೆ ಅದೇ ಬಟ್ಟಲು ಎತ್ತಿ ನಿನ್ನ ತಲೆಗೆ ಹಾಕ್ತಿದ್ದೆ. ಅವನ ಮೇಲೂ ಅಷ್ಟೇ ಬಂತು. ಇಬ್ಬರು ಗಂಡಸರು, ಮೂರು ಪದವಿ, ಒಂದು ಮಾತಿಲ್ಲ.

ಮೊಳೆಜೋಡಿ ಕೊರಳಿಗೆ ಹಾಕೋಕೆ ಹೋದೆ. ಕೈ ಹಿಡಿದು ನಿಧಾನವಾಗಿ ಇಳಿಸಿದ. ಗಂಟಲಲ್ಲೇ "ಬೇಡ ಐಲಿ" ಅಂದ. ಮಗುವಾಗಿದ್ದಾಗಿಂದ ಅವನು ನಂಗೆ ಹಾಗೆ ಹೇಳಿದ್ದಿಲ್ಲ.

ನಿನ್ನ ಕಾಗದ ಅವನು ಓದಲ್ಲ, ಆದ್ರೆ ಮೇಲಿನ ಲಕೋಟೆ ಹಿಂದೆ ಪೆನ್ಸಿಲ್‌ನಲ್ಲಿ ಏನೋ ಬರೀತಿರ್ತಾನೆ. ಅವನು ಹೊರಗೆ ಹೋದಾಗ ನೋಡ್ಕೊಂಡು ಬಂದೆ. ಬರೀ ಸಂಖ್ಯೆ. ನಂಗೆ ಅರ್ಥ ಆಗಲ್ಲ, ನಿಂಗೆ ಆಗುತ್ತೇನೋ. ದಡದಿಂದ ಇನ್ನೂರು ಮೀಟರಿಗೊಂದು ಅಂತ ಮೇಲೆ ಬರೆದಿದೆ. ಆಮೇಲೆ ಹೀಗೆ: ೩೪, ೩೧, ೨೭, ೨೨, ೧೬, ೧೧, ೭.

ಏನಿದು?

ಐಲಿ


೧೫ ಮಾರ್ಚ್

ಪ್ರಿಯ ಓಸ್ಮೊ,

ನಿನ್ನ ಸಂಖ್ಯೆಗಳನ್ನು ಐಲಿ ಕಳಿಸಿದರು. ಅದಕ್ಕಾಗಿ ಅವರ ಮೇಲೆ ಕೋಪಿಸಿಕೊಳ್ಳಬೇಡ.

ಆ ಏಳು ಸಂಖ್ಯೆಗಳನ್ನು ನಾನು ನಕ್ಷೆಯ ಮೇಲೆ ಗುರುತಿಸಿದೆ. ಸೆಂಟಿಮೀಟರ್‌ಗಳಲ್ಲಿ ದಪ್ಪ, ದಿಕ್ಕು ಪಶ್ಚಿಮ, ತೆರೆದ ನೀರಿನ ಕಡೆಗೆ. ದಾರಿಗಾಗಿ ಅಳೆಯುವವನು ಆ ದಿಕ್ಕಿನಲ್ಲಿ ಹೋಗುವುದಿಲ್ಲ. ಮನುಷ್ಯನ ಭಾರ ಹೊರಲು ಐದು ಸೆಂಟಿಮೀಟರ್ ಗಟ್ಟಿ ಮಂಜು ಬೇಕೆಂದು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನೀನೇ ಕಲಿಸುತ್ತಿದ್ದೆ. ಏಳರ ನಂತರದ ಸಂಖ್ಯೆ ಮೂರು ಅಥವಾ ಎರಡು. ಆ ಸಂಖ್ಯೆಯನ್ನು ಬರೆದುಕೊಳ್ಳಲು ಯಾರೂ ಹಿಂದಿರುಗಿ ಬರುವುದಿಲ್ಲ.

ನಿನಗೆ ತಿಳಿಯದ ಒಂದು ಸಂಗತಿಯಿದೆ. ಕಳೆದ ಶನಿವಾರ ಹನ್ನೊಂದರ ಫೆರಿಯಲ್ಲಿ ನಾನು ದ್ವೀಪಕ್ಕೆ ಬಂದಿದ್ದೆ. ನಿನ್ನ ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು. ಜಗುಲಿಯಲ್ಲಿ ನಿನ್ನ ಬೂಟುಗಳಿದ್ದವು, ಬೈರಿಗೆ ಒರಗಿಸಿತ್ತು, ಮೊಳೆಜೋಡಿ ಗೂಟದಲ್ಲಿತ್ತು. ಒಳಗೆ ನೀನು ರೇಡಿಯೊದಲ್ಲಿ ಕಡಲ ಹವಾಮಾನ ಕೇಳುತ್ತಿದ್ದೆ. ಹವಾಮಾನ ಮುಗಿಯಲಿ ಎಂದು ನಿಂತೆ. ಮುಗಿಯಿತು. ನೀನು ಎದ್ದು ಒಲೆಗೆ ಸೌದೆ ಹಾಕಿದ ಸದ್ದು ಕೇಳಿತು. ಸೌದೆ ಹಾಕಿ ಮುಗಿಸಲಿ ಎಂದು ನಿಂತೆ. ಹೀಗೆ ನಲವತ್ತು ನಿಮಿಷ ಕಳೆಯಿತು. ಬಾಗಿಲು ತಟ್ಟಲು ನನ್ನಿಂದಾಗಲಿಲ್ಲ. ಸಭೆಯಲ್ಲಿ ಆರು ಸೆಕೆಂಡು ಮೀರಿ ಕಾಯಲಾಗದವನು ಅಲ್ಲಿ ಕಾಯುವುದನ್ನು ನಿಲ್ಲಿಸಲಾಗದೆ ನಿಂತಿದ್ದೆ.

ಹೊರಡುವ ಮುನ್ನ ನನ್ನ ಮೊಳೆಜೋಡಿಯನ್ನು ನಿನ್ನದರ ಪಕ್ಕದ ಗೂಟಕ್ಕೆ ಹಾಕಿದೆ. ನಾವು ಮೊದಲ ಚಳಿಗಾಲವನ್ನು ಕಡಲ ಮೇಲಿನ ಡೇರೆಯಲ್ಲಿ ಕಳೆದಾಗ ನೀನು ಜುನಿಪರ್ ಮರದಲ್ಲಿ ಕೆತ್ತಿ ನನಗೆ ಕೊಟ್ಟ ಜೋಡಿ ಅದು. ಒಂದು ಹಿಡಿಯ ಮೇಲೆ ನನ್ನ ಹಲ್ಲಿನ ಗುರುತಿದೆ. ನೀರಿಗೆ ಬಿದ್ದ ದಿನ ಕಚ್ಚಿಕೊಂಡದ್ದು. ಆ ದಿನ ನೀನು ಹೊಟ್ಟೆಯ ಮೇಲೆ ತೆವಳುತ್ತಾ ಬಂದು ಹಗ್ಗ ಎಸೆದೆ. "ಅವಸರ ಮಾಡ್ಬೇಡ, ಉಸಿರಾಡು, ನಾನು ಇಲ್ಲೇ ಇರ್ತೀನಿ" ಎಂದೆ. ನಿನ್ನ ಬಾಯಿಂದ ಅಷ್ಟು ಬೇಗ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಫಾರಂ ನಿನಗೆ ಮುಖ್ಯವಲ್ಲದಿರಬಹುದು. ಪಿಹ್ಲಾಳಿಗೆ ಮುಖ್ಯ; ಅವಳು ಗರಗಸ, ಅಳತೆಪೆಟ್ಟಿಗೆ ಎಲ್ಲವನ್ನೂ ಕಾರಿನಲ್ಲಿ ತುಂಬಿಕೊಂಡು ಸಿದ್ಧಳಾಗಿದ್ದಾಳೆ. ನನಗೆ ಮುಖ್ಯವಾದದ್ದು ಬೇರೆ. ಯಾವ ಜೋಡಿಯನ್ನಾದರೂ ಹಾಕಿಕೊ. ಇದು ಅಪ್ಪಣೆಯಲ್ಲ, ಸಲಹೆಯೂ ಅಲ್ಲ. ನನಗೆ ಬೇಡಿಕೊಂಡು ಅಭ್ಯಾಸವಿಲ್ಲ. ಆ ಪದವನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಇಷ್ಟು ಬರೆದೆ.

ಯಾರ್ಮೊ


೨೭ ಮಾರ್ಚ್, ಶುಕ್ರವಾರ ಸಂಜೆ

ಪ್ರಿಯ ಓಸ್ಮೊ,

ಬೀಳ್ಕೊಡುಗೆ ಮುಗಿಯಿತು. ನೀನು ಬರಲಿಲ್ಲ. ಬಾಗಿಲ ಬಳಿಯ ಕೊನೆಯ ಸಾಲಿನ ಅಂಚಿನ ಕುರ್ಚಿಯನ್ನು, ನೀನು ಯಾವಾಗಲೂ ಕೂರುವುದನ್ನು, ಖಾಲಿ ಇರಿಸಲು ಹೇಳಿದ್ದೆ. ಕಟ್ಟಡದ ಮೇಲ್ವಿಚಾರಕ ರೈಮೊ ಅದರ ಮೇಲೆ ಕೋಟು ಹಾಕಿ ಕಾಯ್ದಿರಿಸಿದ.

ಎಂಬತ್ತು ಜನ ಬಂದಿದ್ದರು. ಸಾಲ್ಮನ್ ಮೀನು ಹೊದಿಸಿದ ಬ್ರೆಡ್ಡಿನ ಕೇಕು, ಏಲಕ್ಕಿ ಬನ್, ಕಾಫಿ. ಉಪ ಡೀನ್ ಮರ್ಯತ್ತಾ ಭಾಷಣ ಮಾಡಿದರು. "ಒಂಬತ್ತು ವರ್ಷ. ಒಂದೇ ಒಂದು ಸಭೆ ಒಂದು ಗಂಟೆ ದಾಟ್ಲಿಲ್ಲ. ಯಾರ್ಮೊ ಇದ್ದಾಗ ನಾವೆಲ್ಲ ಬಸ್ಸಿಗೆ ಸರಿಯಾಗಿ ಹೋಗ್ತಿದ್ವಿ. ಹೊಸಬರೇ, ನೆನಪಿರಲಿ, ನಮ್ಮ ಬಸ್ಸು ನಾಲ್ಕೂ ಇಪ್ಪತ್ತಕ್ಕೆ" ಎಂದರು. ಎಲ್ಲರೂ ನಕ್ಕರು. ಉಡುಗೊರೆಯಾಗಿ ಬರ್ಚ್ ಮರದ ಪೆಟ್ಟಿಗೆ ಕೊಟ್ಟರು. ಒಳಗೆ ಆ ಸುತ್ತಿಗೆ. ಹಿಡಿಗೆ ಬೆಳ್ಳಿಯ ಪಟ್ಟಿ ಸುತ್ತಿ ನನ್ನ ಹೆಸರು ಕೊರೆಸಿದ್ದಾರೆ.

ಉತ್ತರವಾಗಿ ಮಾತಾಡಲು ಎದ್ದು ನಿಂತೆ. ಬರೆದುಕೊಂಡಿದ್ದ ಹಾಳೆ ಜೇಬಿನಲ್ಲೇ ಉಳಿಯಿತು. ನವೆಂಬರ್ ಹದಿನಾಲ್ಕರಂದು ಏನು ಮಾಡಿದೆನೆಂದು ಹೇಳಿದೆ. ಐಲಿಗೆ ಬರೆದ ಪದಗಳನ್ನೇ ಹೇಳಿದೆ. ಬೇರೆ ಪದಗಳು ನನ್ನ ಬಳಿ ಇರಲಿಲ್ಲ. "ಅವತ್ತು ಕೊಡದ ಐದು ಸೆಕೆಂಡನ್ನು ಈಗ ಕೊಡುತ್ತೇನೆ. ಅಲ್ಲ, ಪೂರ್ತಿ ಹನ್ನೊಂದನ್ನೂ" ಎಂದು ಆ ಖಾಲಿ ಕುರ್ಚಿಯ ಕಡೆ ತಿರುಗಿ ಸುಮ್ಮನಾದೆ.

ನಮ್ಮ ಜನಕ್ಕೆ ಮೌನ ಹೊಸದಲ್ಲ. ಆದರೂ ಯಾರದೋ ಕೈಯಲ್ಲಿ ಚಮಚ ತಟ್ಟೆಗೆ ತಾಗಿ ಸದ್ದಾಯಿತು, ಮತ್ತು ಆ ಸದ್ದಿಗೆ ಪಿಹ್ಲಾ ತಲೆ ತಗ್ಗಿಸಿದಳು. ಹನ್ನೊಂದು ಕಳೆಯಿತು. ನಾನು ನಿಲ್ಲಿಸಲಿಲ್ಲ. ಎಷ್ಟಕ್ಕೆ ನಿಲ್ಲಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ರೈಮೊ, ಗೋಡೆಗೆ ಒರಗಿ ನಿಂತವನು, "ಡೀನ್, ಅವನು ಇಲ್ಲಿಲ್ಲ. ಕೂತ್ಕೊ. ಕಾಫಿ ಕುಡಿ" ಎಂದ. ಕುಳಿತೆ. ಯಾರೂ ನಗಲಿಲ್ಲ. ಚಪ್ಪಾಳೆಯೂ ಆಗಲಿಲ್ಲ. ಒಬ್ಬೊಬ್ಬರಾಗಿ ಬಂದು ಕೈಕುಲುಕಿ ಹೊರಟರು. ಎಲ್ಲರೂ ನಾಲ್ಕೂ ಇಪ್ಪತ್ತರ ಬಸ್ಸಿಗೆ ಸರಿಯಾಗಿ ತಲುಪಿದರು.

ಮಂಗಳವಾರ ಸಂಜೆ ನಾಲ್ಕೂಕಾಲರವರೆಗೆ ನಾನು ನನ್ನ ಕೋಣೆಯಲ್ಲಿರುತ್ತೇನೆ. ಫಾರಂ ಬರದಿದ್ದರೂ ಇರುತ್ತೇನೆ.

ಯಾರ್ಮೊ


೨೯ ಮಾರ್ಚ್, ಮುಸ್ತಕರಿ

ಯಾರ್ಮೊ,

ಪಿಹ್ಲಾ ನಿನ್ನೆ ಬಂದಳು. ಶುಕ್ರವಾರದ್ದನ್ನು ಹೇಳಿದಳು. ನಿನ್ನ ಕಾಗದಗಳನ್ನು ರಾತ್ರಿ ಒಡೆದು ಓದಿದೆ, ದಿನಾಂಕದ ಕ್ರಮದಲ್ಲಿ.

ಸಭೆಯಲ್ಲಿ ನಾನು ಬೈಯುವುದಕ್ಕೆ ಕನ್ನಡಕ ತೆಗೆದಿರಲಿಲ್ಲ. ನಾನು ಹೇಳಬೇಕೆಂದಿದ್ದದ್ದು: ನನ್ನ ಹುದ್ದೆ ಇವತ್ತೇ ತೆಗೆದುಕೊಳ್ಳಿ, ಕೊಳವನ್ನು ಮಾತ್ರ ಪಿಹ್ಲಾಳ ಒಂಬತ್ತು ಮುಗಿಯುವವರೆಗೆ, ಜನವರಿ ಕೊನೆಯ ತನಕ, ಇರಲು ಬಿಡಿ. ಅಷ್ಟೆ. ಯಾರೂ ಬೇಡ ಅನ್ನುತ್ತಿರಲಿಲ್ಲ. ನೀನೂ ಅನ್ನುತ್ತಿರಲಿಲ್ಲ.

ಆಮೇಲೆ ಹೇಳಬಹುದಿತ್ತು. ಸುತ್ತಿಗೆ ಬಿದ್ದಾಗ ನೀನು ನನ್ನನ್ನೇ ನೋಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಆ ಏಳು ಸೆಂಟಿಮೀಟರಿನಾಚೆ ಎರಡು ದಿನ ಹೋಗಿ ನಿಂತಿದ್ದೆ. ಬೈರಿಗೆ ಇಡಲಿಲ್ಲ. ಮೂರನೆಯ ದಿನ ಹೊರಡುವಾಗ ಗೂಟಗಳಲ್ಲಿ ಎರಡು ಜೋಡಿ ಇತ್ತು.

ನಿನ್ನೆ ಮೂರು, ಇವತ್ತು ಎರಡು ಪ್ರಯೋಗ ಆದವು. ದಡದ ಬಳಿ, ಮೂವತ್ತೊಂದು ಸೆಂಟಿಮೀಟರ್ ದಪ್ಪದ ಮೇಲೆ. ಮಂಜು ಇನ್ನೊಂದು ವಾರ ತಡೆಯುತ್ತದೆ. ನಾಲ್ಕು ಉಳಿದಿವೆ. ಹಲ್ಲಿನ ಗುರುತಿರುವ ಜೋಡಿ ಹಾಕಿಕೊಂಡಿದ್ದೆ.

ಫಾರಂಗೆ ಸಹಿ ಮಾಡಿದೆ. ಒಳಗಿದೆ.

ಬೇರೆ ವಿಷಯಕ್ಕೆ ನನಗೆ ಇನ್ನೂ ಸಮಯ ಬೇಕು.

ಓಸ್ಮೊ

(ಹಾಳೆಯ ಹಿಂಬದಿಯಲ್ಲಿ, ಬೇರೆ ಕೈಬರಹ)

ಯಾರ್ಮೊ, ಇದನ್ನ ಭಾನುವಾರ ನಾಲ್ಕರ ಫೆರಿಗೆ ಹೊರಟ ಪಿಹ್ಲಾ ಕೈಲಿ ಕೊಟ್ಟಿದ್ರೆ ಸೋಮವಾರ ಬೆಳಿಗ್ಗೆ ನಿನ್ನ ಮೇಜಿನ ಮೇಲಿರ್ತಿತ್ತು. ಅವಳು ಹತ್ತಿದಳು, ಇವನು ಕಟ್ಟೆ ಮೇಲೆ ಲಕೋಟೆ ಹಿಡ್ಕೊಂಡು ನಿಂತ. "ಕೊಡೋ" ಅಂದೆ. ಫೆರಿ ಹೊರಟು ದೂರ ಹೋದ ಮೇಲೆ "ಕೊಡ್ತೀನಿ" ಅಂದ. ಅಂಚೆಗೆ ಹಾಕ್ತಿದೀನಿ. ಮಂಗಳವಾರದೊಳಗೆ ತಲುಪಲಿ ಅಂತ ದೇವರಿಗೆ ಹೇಳ್ತಿದೀನಿ, ಅಂಚೆಯೋರಿಗಂತೂ ಹೇಳಿ ಉಪಯೋಗ ಇಲ್ಲ. ಐಲಿ.


೯ ಏಪ್ರಿಲ್, ಟ್ರೊಂಡ್‌ಹೈಮ್

ಪ್ರಿಯ ಓಸ್ಮೊ,

ನಿನ್ನ ಪತ್ರ ಹಳೆಯ ಕಚೇರಿಗೆ ಏಪ್ರಿಲ್ ಎರಡಕ್ಕೆ ತಲುಪಿ, ಅಲ್ಲಿಂದ ಮುಂದೆ ಕಳಿಸಲ್ಪಟ್ಟು, ಇವತ್ತು ನನ್ನ ಕೈಸೇರಿತು. ಮಂಗಳವಾರ ನಾಲ್ಕೂಕಾಲರವರೆಗೆ ಕೋಣೆಯಲ್ಲಿ ಕುಳಿತಿದ್ದೆ. ಆಮೇಲೆ ಬೀಗದ ಕೈಯನ್ನು ರೈಮೊನಿಗೆ ಒಪ್ಪಿಸಿದೆ. ಆ ಕಾಗದ ಆಗ ದಾರಿಯಲ್ಲಿ ಎಲ್ಲೋ ಇತ್ತು.

ಫಾರಂ ಈಗ ಅಸಿಂಧು. ಹೊಸ ಡೀನ್‌ಗೆ ಫೋನ್ ಮಾಡಿದೆ. ಅವರು ಸಭ್ಯರು. "ಗಡುವು ದಾಟಿ ಬಂದ ಫಾರಂ ಸ್ವೀಕರಿಸಬಾರದೆಂಬ ನಿಯಮ ಮಾಡಿದ್ದು ನೀವೇ ಅಲ್ಲವೆ?" ಎಂದರು. ಹೌದು, ಮಾಡಿದ್ದು ನಾನೇ. ಬಹಳ ಹೊತ್ತು ಫೋನಿನಲ್ಲಿ ಸುಮ್ಮನಿದ್ದೆ, ಅವರೂ ಇಡಲಿಲ್ಲ. ಕೊನೆಗೆ, ಪಿಹ್ಲಾಳ ಅಳತೆಗಳನ್ನು ಅಂಗೀಕರಿಸಬೇಕೆ ಎಂಬುದನ್ನು ಮೇ ಹನ್ನೆರಡರ ಪರಿಷತ್ತಿನ ಮುಂದಿಡಲು ಒಪ್ಪಿದರು. ನನಗೆ ಹೊರಗಿನವನಾಗಿ ಮೂರು ನಿಮಿಷ ಮಾತಾಡಲು ಅವಕಾಶವಿದೆ. ನಿನ್ನನ್ನೂ ಕರೆಯುತ್ತಾರೆ. ಅವರು ಒಪ್ಪುವುದಿಲ್ಲವೆಂದೇ ನನ್ನ ಅಂದಾಜು. ನನ್ನ ಕಾಲದಲ್ಲಿ ನಾನೂ ಒಪ್ಪುತ್ತಿರಲಿಲ್ಲ.

ಉಳಿದ ನಾಲ್ಕನ್ನೂ ಮಂಜು ಇರುವಾಗಲೇ ಮುಗಿಸಿದ್ದೀರೆಂದು ನಂಬಿದ್ದೇನೆ.

ನಾನು ಮೇ ಹನ್ನೊಂದರ ಸಂಜೆ ವಿಮಾನದಲ್ಲಿ ಬರುತ್ತೇನೆ. ಹಳೆಯ ಸುತ್ತಿಗೆ ನನ್ನ ಪೆಟ್ಟಿಗೆಯಲ್ಲಿದೆ; ಹೊಸದು ಈಗ ಬೇರೆಯವರ ಕೈಯಲ್ಲಿದೆ. ಅವರು ಮೂರು ಸೆಕೆಂಡಿನವರು, ಅದನ್ನು ನನ್ನಿಂದಲೇ ಕಲಿತವರು. ಆದ್ದರಿಂದ ನಾನು ಮೇಜಿನ ತುದಿಯಲ್ಲಿ ನಿನ್ನ ಪಕ್ಕದಲ್ಲೇ ಕೂರುತ್ತೇನೆ. ನೀನು ಕನ್ನಡಕ ತೆಗೆದ ಕೂಡಲೇ ಕೈ ಎತ್ತುತ್ತೇನೆ. ನನ್ನ ಮೂರು ನಿಮಿಷ ಆರಂಭವಾಗುತ್ತದೆ, ಅದು ಮುಗಿಯುವವರೆಗೆ ಸುತ್ತಿಗೆ ಬೀಳುವಂತಿಲ್ಲ. ನಾನು ಏನೂ ಮಾತಾಡುವುದಿಲ್ಲ. ನೀನು ಒರೆಸಿಕೊ.

ನಿನ್ನ,
ಯಾರ್ಮೊ